ಗಾಂಧೀಜಿ ಸಹಿ ಇರುವ ಫೋಟೊ: ಮೊದಲು ಕಾಗದ ನೋಡಿ, ಸಹಿ ಆಮೇಲೆ

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ಗಾಂಧೀಜಿಯ ಕಪ್ಪು-ಬಿಳುಪು ಫೋಟೊ ಸಿಕ್ಕಿದೆ. ಅಂಚೆ ಕಾರ್ಡಿನಷ್ಟು ದೊಡ್ಡದು. ಕೆಳಗೆ ನೀಲಿ ಶಾಯಿಯಲ್ಲಿ ಇಂಗ್ಲಿಷ್ ಸಹಿ ಇದೆ. 1934ರಲ್ಲಿ ಐದು ರೂಪಾಯಿ ಕೊಟ್ಟು ಹಾಕಿಸಿಕೊಂಡದ್ದು ಎಂದು ಮನೆಯ ಹಿರಿಯರು ಹೇಳುತ್ತಾರೆ. ಇದು ಅಸಲಿಯೇ ಎಂದು ತಿಳಿಯುವುದು ಹೇಗೆ?
– ಓದುಗರು, ಮಡಿಕೇರಿ

ಉತ್ತರ: ಐದು ರೂಪಾಯಿಯ ಮಾತು ನಂಬುವಂಥದ್ದೇ. ಗಾಂಧೀಜಿ ಹಸ್ತಾಕ್ಷರಕ್ಕೆ ಐದು ರೂಪಾಯಿ ಪಡೆದು ಹರಿಜನ ನಿಧಿಗೆ ಸೇರಿಸುತ್ತಿದ್ದರು. 1934ರ ಫೆಬ್ರುವರಿಯಲ್ಲಿ ಅವರು ಕೊಡಗಿಗೆ ಬಂದಿದ್ದೂ ನಿಜ. ಆದರೆ ಇದರಿಂದ ನಿಮ್ಮ ಕೈಯಲ್ಲಿರುವ ಫೋಟೊ ಅದೇ ಎಂದು ಸಾಬೀತಾಗುವುದಿಲ್ಲ. ಎಲ್ಲರೂ ಮೊದಲು ಸಹಿಯ ಆಕಾರ ಹೋಲಿಸಲು ಹೊರಡುತ್ತಾರೆ. ನಕಲು ಮಾಡುವವನೂ ಹೆಚ್ಚು ಬೆವರು ಸುರಿಸುವುದು ಅಲ್ಲಿಯೇ. ನೀವು ಕಾಗದದಿಂದ ಶುರು ಮಾಡಿ.

365 ನ್ಯಾನೊಮೀಟರ್‌ನ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಒಂದು ಬೇಕು. ನೋಟು ಪರೀಕ್ಷಿಸಲು ಬಳಸುವಂಥದ್ದು ಸಾಕು. ಕತ್ತಲೆ ಕೋಣೆಯಲ್ಲಿ ಫೋಟೊದ ಹಿಂಬದಿಗೆ ಬೆಳಕು ಬಿಡಿ. ಪಕ್ಕದಲ್ಲಿ ಹೊಸ ಜೆರಾಕ್ಸ್ ಹಾಳೆ ಇಟ್ಟುಕೊಂಡರೆ ಹೋಲಿಸಲು ಸುಲಭ. ಅದು ನೀಲಿ-ಬಿಳಿಯಾಗಿ ಉರಿದಂತೆ ಹೊಳೆಯುತ್ತದೆ. ಫೋಟೊದ ಹಿಂಬದಿಯೂ ಹಾಗೇ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ ಎಂದರ್ಥ. ಫೋಟೊ ಕಾಗದಕ್ಕೆ ಅದನ್ನು ಬೆರೆಸಲು ತೊಡಗಿದ್ದು 1950ರ ದಶಕದಲ್ಲಿ. ಗಾಂಧೀಜಿ ತೀರಿಕೊಂಡದ್ದು 1948ರ ಜನವರಿ 30ರಂದು. ಅಲ್ಲಿಗೆ ವಿಚಾರಣೆ ಮುಗಿಯಿತು. ಒಂದು ಎಚ್ಚರಿಕೆ: ಹಳೆಯ ಅಂಟಿನ ಕಲೆಯೂ ಹೊಳೆಯಬಹುದು, ಅದಕ್ಕೆ ಮೂರು-ನಾಲ್ಕು ಕಡೆ ನೋಡಿ. ಹೊಳೆಯದಿದ್ದರೆ ಕಾಗದ ಹಳೆಯದಿರಬಹುದು, ಅಷ್ಟೇ. ಹಳೆಯ ಫೋಟೊ ಕೊಂಡು ಹೊಸ ಸಹಿ ಹಾಕುವವರಿಗೆ ಬರವಿಲ್ಲ.

ಮುಂದೆ ಶಾಯಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು, ಮಾಮೂಲಿ ಟಾರ್ಚಿನ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಡಿ. ಚಿತ್ರವೆಲ್ಲ ಸಣ್ಣ ಚುಕ್ಕಿಗಳಾಗಿ ಕಂಡರೆ ಅದು ಅಚ್ಚುಯಂತ್ರದಲ್ಲಿ ಮುದ್ರಿಸಿದ್ದು. ಸಹಿಯ ಮೇಲೂ ಚಿತ್ರದ ಮೇಲೂ ಒಂದೇ ಹೊಳಪು ಎಡೆಬಿಡದೆ ಹರಿದಿದ್ದು, ಶಾಯಿ ಬೇರೆಯಾಗಿ ಕಾಣದಿದ್ದರೆ ಸಹಿ ಇದ್ದ ಫೋಟೊವನ್ನೇ ಮತ್ತೆ ಫೋಟೊ ತೆಗೆದಿದ್ದಾರೆ. ನಿಮ್ಮದು ನೀಲಿ ಎಂದಿದ್ದೀರಿ, ಕಪ್ಪು-ಬಿಳುಪು ಪ್ರತಿಯಲ್ಲಿ ನೀಲಿ ಬರದು. ಆ ಅನುಮಾನ ಬೇಡ. ರಬ್ಬರ್ ಸ್ಟಾಂಪಾದರೆ ಗೆರೆಯ ಅಂಚು ಗಾಢ, ನಡು ತೆಳು. ನಿಬ್ಬಿನ ಬರಹದಲ್ಲಿ ಗೆರೆಗಳು ಒಂದರ ಮೇಲೊಂದು ಹಾಯ್ದ ಕಡೆ ಬಣ್ಣ ದಟ್ಟವಾಗುತ್ತದೆ, ಗೆರೆ ಮುಗಿಯುವಲ್ಲಿ ಶಾಯಿ ಹನಿಗಟ್ಟಿರುತ್ತದೆ. ಬಾಲ್‌ಪೆನ್ನಿನ ಗೆರೆ ಅಂಟಂಟಾಗಿ, ತೋಡಿನಂತೆ ಒತ್ತಿರುತ್ತದೆ. ನ್ಯೂಯಾರ್ಕಿನ ಅಂಗಡಿಗೇ ಬಾಲ್‌ಪೆನ್ ಬಂದದ್ದು 1945ರ ಅಕ್ಟೋಬರಿನಲ್ಲಿ, ಹಾಗಾಗಿ 1934ರ ಸಹಿಗೆ ಅದು ಸಲ್ಲದು.

ಇಷ್ಟೂ ದಾಟಿದ ಮೇಲೆ ಕೈಬರಹ. ಇಲ್ಲಿ ಒಂದು ತೊಡಕಿದೆ. ಬಲಗೈ ಸೋತಾಗ ಗಾಂಧೀಜಿ ಎಡಗೈಯಲ್ಲಿ ಬರೆಯುತ್ತಿದ್ದರು. 1909ರಲ್ಲಿ ಹಡಗಿನಲ್ಲಿ ಬರೆದ ‘ಹಿಂದ್ ಸ್ವರಾಜ್’ ಹಸ್ತಪ್ರತಿಯಲ್ಲೂ ಎಡಗೈ ಬರಹದ ಪುಟಗಳಿವೆ. ಎರಡು ಕೈಯ ಅಕ್ಷರ ಒಂದೇ ಥರ ಇರುವುದಿಲ್ಲ. ಆದ್ದರಿಂದ ಇಂಟರ್ನೆಟ್ಟಿನಲ್ಲಿ ಸಿಕ್ಕ ಒಂದು ಮಾದರಿಗೆ ಹೊಂದಲಿಲ್ಲವೆಂದು ನಕಲಿ ಎನ್ನಬೇಡಿ. ಅದೇ ಲಿಪಿಯ, ಆಸುಪಾಸಿನ ವರ್ಷಗಳ ಏಳೆಂಟು ಸಹಿ ಹುಡುಕಿ ಹೋಲಿಸಿ. ಅಕ್ಷರದ ಚೆಲುವಿಗಿಂತ ವೇಗ ನೋಡಿ: ನಡುವೆ ಪೆನ್ನು ನಿಂತು ಎತ್ತಿದ ಗುರುತು, ಉದ್ದ ಗೆರೆಯಲ್ಲಿ ಸಣ್ಣ ನಡುಕ ಇದ್ದರೆ ಅದು ಬರೆದದ್ದಲ್ಲ, ಬಿಡಿಸಿದ್ದು.

ಪ್ರಶ್ನೆ: ಆನ್‌ಲೈನ್ ಹರಾಜಿನಲ್ಲಿ ಗಾಂಧೀಜಿ ಚರಕದ ಹಿಂದೆ ಕುಳಿತು ಓದುತ್ತಿರುವ ಪ್ರಸಿದ್ಧ ಚಿತ್ರ ಬಂದಿದೆ. ಸಹಿಯ ಕೆಳಗೆ ‘ಜನವರಿ 1943’ ಎಂದಿದೆ. ಅಸಲಿ ಎಂಬ ಪ್ರಮಾಣಪತ್ರವನ್ನೂ ಕೊಡುತ್ತಾರಂತೆ. ಕೊಳ್ಳಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಆ ಚಿತ್ರವನ್ನು ಮಾರ್ಗರೆಟ್ ಬರ್ಕ್-ವೈಟ್ ತೆಗೆದದ್ದು 1946ರಲ್ಲಿ. ತೆಗೆಯದ ಫೋಟೊಗೆ ಮೂರು ವರ್ಷ ಮೊದಲೇ ಸಹಿ ಹಾಕಲು ಮಹಾತ್ಮರಿಂದಲೂ ಆಗದು! ಸಾಲದ್ದಕ್ಕೆ, 1942ರ ಆಗಸ್ಟ್ 9ರಿಂದ 1944ರ ಮೇ 6ರವರೆಗೆ ಅವರು ಬಂಧನದಲ್ಲಿದ್ದರು, ಪುಣೆಯ ಆಗಾಖಾನ್ ಅರಮನೆಯಲ್ಲಿ. ತಾರೀಕು, ಊರು ಬರೆದಿರುವ ಯಾವ ಸಹಿಗೂ ಈ ಪರೀಕ್ಷೆ ಮಾಡಿ. ಗಾಂಧೀಜಿಯ ಸಮಗ್ರ ಬರಹಗಳ ಇಂಗ್ಲಿಷ್ ಆವೃತ್ತಿ ನೂರು ಸಂಪುಟ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಪತ್ರಗಳ ಮೇಲಿನ ಊರು-ತಾರೀಕು ನೋಡಿದರೆ ಆ ದಿನ ಅವರು ಎಲ್ಲಿದ್ದರೆಂದು ತಿಳಿಯುತ್ತದೆ. ಮಾರುವವನೇ ಬರೆದುಕೊಟ್ಟ ಪ್ರಮಾಣಪತ್ರಕ್ಕೆ ಆ ಕಾಗದದ ಬೆಲೆ ಮಾತ್ರ.

ಪ್ರಶ್ನೆ: ಸಹಿ ಇರುವ ಫೋಟೊ ಮಳೆಗಾಲದಲ್ಲಿ ಫ್ರೇಮಿನ ಗಾಜಿಗೆ ಅಂಟಿಕೊಂಡಿದೆ. ನೀರಿನಲ್ಲಿ ನೆನೆಸಿದರೆ ಬಿಡುತ್ತದೆ ಎನ್ನುತ್ತಾರೆ.
– ಓದುಗರು, ಸಾಗರ

ಉತ್ತರ: ಖಂಡಿತ ನೆನೆಸಬೇಡಿ. ಫೋಟೊದ ಮೇಲ್ಪದರ ಜೆಲಾಟಿನ್. ತೇವ ಹೀರಿ ಮೆತ್ತಗಾಗಿ ಗಾಜನ್ನು ಹಿಡಿದುಕೊಳ್ಳುತ್ತದೆ. ಸಹಿಯಿಲ್ಲದ ಫೋಟೊವನ್ನು ಪರಿಣತರು ನೆನೆಸಿ ಬಿಡಿಸುವುದುಂಟು. ನಿಮ್ಮದರಲ್ಲಿ ಶಾಯಿ ಕರಗಿ ಸಹಿಯೇ ಹೋಗುತ್ತದೆ. ಒಣಗಿದ್ದನ್ನು ಎಳೆದರೆ ಮೇಲ್ಪದರ ಗಾಜಿನ ಜೊತೆ ಕಿತ್ತು ಬರುತ್ತದೆ. ಗಾಜಿನ ಸಮೇತ ಹಾಗೇ ಬಿಡಿ, ಗಾಜಿನ ಮೂಲಕವೇ ಒಳ್ಳೆಯ ಸ್ಕ್ಯಾನ್ ಮಾಡಿಸಿಡಿ, ಬಿಡಿಸುವ ಕೆಲಸವನ್ನು ಫೋಟೊ ಸಂರಕ್ಷಣೆ ಕಲಿತವರಿಗೆ ಕೊಡಿ.

ಮುಂದೆ ಫ್ರೇಮ್ ಹಾಕಿಸುವಾಗ ಗಾಜಿಗೂ ಫೋಟೊಗೂ ನಡುವೆ ಆಮ್ಲರಹಿತ ರಟ್ಟಿನ ಚೌಕಟ್ಟು ಕೂರಿಸಲು ಹೇಳಿ, ಎರಡು ಮಿಲಿಮೀಟರ್ ದಪ್ಪವಿರಲಿ. ಫೋಟೊವನ್ನು ಗೋಂದಿನಿಂದ ಅಂಟಿಸದೆ ಪಾಲಿಯೆಸ್ಟರ್ ಮೂಲೆಗಳಲ್ಲಿ ಸಿಕ್ಕಿಸಬೇಕು. ಹೊರಗೋಡೆಗೆ ತೂಗುಹಾಕಬೇಡಿ, ಮಲೆನಾಡಿನಲ್ಲಿ ಜೂನ್ ಬಂತೆಂದರೆ ಅದು ಜಿನುಗುತ್ತದೆ. ಲ್ಯಾಮಿನೇಷನ್ ಅಂಗಡಿಯ ಕಡೆಗಂತೂ ಹೋಗಲೇಬೇಡಿ, ಅಲ್ಲಿಂದ ವಾಪಸ್ ದಾರಿಯಿಲ್ಲ.

ಪ್ರಶ್ನೆ: ಇಂಥ ಫೋಟೊವನ್ನು ಅಮೆರಿಕದಲ್ಲಿರುವ ಮಗಳಿಗೆ ಕಳಿಸಬಹುದೇ?
– ಓದುಗರು, ಮೈಸೂರು

ಉತ್ತರ: ವಿಚಾರಿಸದೆ ಕಳಿಸಬೇಡಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಐತಿಹಾಸಿಕ ಮಹತ್ವದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ತುಂಬಿದರೆ ಅವು ಪುರಾವಸ್ತು. ಪುರಾವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ; ಶಿಕ್ಷೆ ಆರು ತಿಂಗಳಿಂದ ಮೂರು ವರ್ಷ ಜೈಲು, ಮೇಲೆ ದಂಡ. ಗಾಂಧೀಜಿಯ ಸಹಿ ಅಸಲಿಯಾದರೆ 75 ವರ್ಷ ದಾಟಿಯೇ ಇರುತ್ತದೆ. ಎರಡೂ ಬದಿಯ ಫೋಟೊ, ಅಳತೆಯೊಂದಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರು ವಲಯ ಕಚೇರಿಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯಿರಿ.