ಸಂಪಾದಕರ ಉತ್ತರ: ಜಗಲಿಯ ಅರ್ಜುನ–ಸುಭದ್ರೆ ಮೂಲವೋ, ನಕಲೋ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಹಳೆಯ ಮನೆಯ ಜಗಲಿಯಲ್ಲಿ ಅರ್ಜುನ–ಸುಭದ್ರೆಯರ ದೊಡ್ಡ ಪಟವಿದೆ. ಮೂಲೆಯಲ್ಲಿ ರವಿವರ್ಮನ ಸಹಿ. ಇದು ಮೂಲವೇ? ಸೋಪಿನ ನೀರಿನಲ್ಲಿ ಒರೆಸಬಹುದೇ?’

ಮಾನ್ಯರೇ, ಒರೆಸುವುದು ಖಂಡಿತ ಬೇಡ. ಕ್ಯಾನ್ವಾಸಿಗೆ ಬಳಿದ ಸರೇಸಿನ ಅಂಟು ನೀರು ತಾಗಿದರೆ ಉಬ್ಬುತ್ತದೆ, ಬಟ್ಟೆ ಕುಗ್ಗುತ್ತದೆ, ಬಣ್ಣ ಹಕ್ಕಳೆಯಾಗಿ ಏಳುತ್ತದೆ. ಹೊಳಪಿಗೆಂದು ಅಗಸೆ ಎಣ್ಣೆ ಸವರುವವರಿದ್ದಾರೆ. ಅದು ಬರಬರುತ್ತ ಹಳದಿಗಟ್ಟಿ ಕಪ್ಪಾಗುತ್ತದೆ, ಆಮೇಲೆ ತೆಗೆಯುವುದು ಬಲು ಕಷ್ಟ.

ಇನ್ನು ಮೂಲದ ಮಾತು. ಬರೋಡದ ಸಯಾಜಿರಾವ್ ಗಾಯಕವಾಡರು ಲಕ್ಷ್ಮೀವಿಲಾಸ ಅರಮನೆಗೆ ಬರೆಸಿದ 14 ಪೌರಾಣಿಕ ಚಿತ್ರಗಳಲ್ಲಿ ಅರ್ಜುನ–ಸುಭದ್ರೆಯೂ ಒಂದು. ಆ ಕೆಲಸ ಮುಗಿದದ್ದು 1890ರಲ್ಲಿ. ನಿಮ್ಮದು ಆ ಚಿತ್ರವಲ್ಲ. ಆದರೆ ರವಿವರ್ಮ ತಮ್ಮ ರಾಜರಾಜವರ್ಮನನ್ನು ಜೊತೆಗಿಟ್ಟುಕೊಂಡು ದುಡಿದವನು, ಬೇಡಿಕೆಯಿದ್ದ ಪ್ರಸಂಗಗಳನ್ನು ಮತ್ತೆ ಮತ್ತೆ ಬರೆದವನು. ಹಾಗಾಗಿ ಅವನ ಕಾರ್ಯಾಗಾರದ ಪ್ರತಿ ಇರಬಹುದೆಂಬ ಮಾತನ್ನು ಪರೀಕ್ಷಿಸದೆ ತಳ್ಳಿಹಾಕಬಾರದು.

ಮೊದಲು 10 ಪಟ್ಟಿನ ಭೂತಗನ್ನಡಿಯಲ್ಲಿ ಸುಭದ್ರೆಯ ಕೆನ್ನೆ ನೋಡಿ. ಸಣ್ಣ ಸಣ್ಣ ಚುಕ್ಕಿ ಕಂಡರೆ ಅದು ಕಲ್ಲಚ್ಚಿನ ಓಲಿಯೋಗ್ರಾಫ್, ಅಂದರೆ ತೈಲಚಿತ್ರದಂತೆ ಕಾಣುವ ಅಚ್ಚಿನ ಪಟ. ಕ್ಯಾನ್ವಾಸಿನ ಹೆಣಿಗೆಯನ್ನು ಕಾಗದದ ಮೇಲೆ ಒತ್ತಿ ವಾರ್ನಿಷ್ ಬಳಿಯುತ್ತಿದ್ದುದರಿಂದ ಕಣ್ಣು ಮೋಸಹೋಗುತ್ತದೆ.

ಕುಂಚದ ಗೆರೆಯೇ ಕಂಡರೆ ಸೆರಗಿನ ಜರಿಗೆ ಬನ್ನಿ. ಕೈ ಪಳಗಿದವನು ನಾಲ್ಕಾರು ದಪ್ಪ ಬೆಳಕಿನ ಚುಕ್ಕೆಯಲ್ಲೇ ಜರಿ ಮಿನುಗಿಸುತ್ತಾನೆ. ನಕಲುಗಾರ ಎಳೆ ಎಳೆಯಾಗಿ ಗೀಚುತ್ತಾನೆ, ಜರಿ ಮಂಕಾಗುತ್ತದೆ. ಮೂಲ ಬರೆಯುವವನು ಬೆರಳನ್ನೋ ತೋಳಿನ ಅಂಚನ್ನೋ ಸರಿಸುತ್ತಾನೆ, ಹಳೆಯ ಗೆರೆ ಮೇಲಿನ ಬಣ್ಣದಡಿ ನೆರಳಿನಂತೆ ಉಳಿಯುತ್ತದೆ. ನಕಲಿನಲ್ಲಿ ಈ ತಿದ್ದುಪಡಿ ಅಪರೂಪ. ಬದಲಿಗೆ ಬಣ್ಣದಡಿಯ ಗೆರೆ ತೋರಿಸುವ ಅವಕೆಂಪು ಕ್ಯಾಮೆರಾದಲ್ಲಿ, ನಕಲಿಸಲು ಎಳೆದ ಪೆನ್ಸಿಲಿನ ಚೌಕುಳಿ ಕಾಣಸಿಗಬಹುದು. ಸಹಿಯ ಬಣ್ಣ ಬಿರುಕಿನೊಳಕ್ಕೆ ಇಳಿದಿದ್ದರೆ ಅದು ಆಮೇಲೆ ಸೇರಿಸಿದ್ದು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಬಿಳಿ ಬಣ್ಣ. ಟೈಟೇನಿಯಂ ಬಿಳಿ ಪೇಟೆಗೆ ಬಂದದ್ದು 1916ರ ನಂತರ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ರಿಪೇರಿಯ ತೇಪೆಯಲ್ಲದೆ ಮೂಲ ಪದರದಲ್ಲೇ ಅದು ಸಿಕ್ಕರೆ ಚರ್ಚೆ ಮುಗಿಯಿತು. ಬಣ್ಣದಲ್ಲಿ ಟೈಟೇನಿಯಂ ಇದೆಯೇ ಎಂಬುದನ್ನು ಎಕ್ಸ್‌ರೇ ಫ್ಲೋರೆಸೆನ್ಸ್ ಯಂತ್ರ ಚಿತ್ರವನ್ನು ಕೆರೆಯದೆಯೇ ಹೇಳುತ್ತದೆ.

ಮಳೆ ಹೊಡೆಯುವ ಗೋಡೆಯಿಂದ ಪಟವನ್ನು ಈಗಲೇ ಇಳಿಸಿ. ಒಳಗೋಡೆಗೆ ತೂಗುಹಾಕುವಾಗ ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ. ಬಣ್ಣ ಎದ್ದಿದ್ದರೆ ಧೂಳನ್ನೂ ಮುಟ್ಟದೆ, ಮುಖ ಮೇಲಾಗಿ ಮಲಗಿಸಿ, ಮೈಸೂರಿನ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವನ್ನು ವಿಚಾರಿಸಿ. ಹೋಗುವಾಗ ಒಂದು ಪಕ್ಕದಿಂದ ಟಾರ್ಚ್ ಹಿಡಿದು ತೆಗೆದ ಫೋಟೋ, ಹಿಂಬದಿಯ ಫೋಟೋ ಎರಡೂ ಜೊತೆಗಿರಲಿ.