ಗಂಡ ಹೆಂಡತಿ ಇಬ್ಬರಿಗೂ ಥಲಸ್ಸೇಮಿಯಾ ಮೈನರ್, ಗರ್ಭಕ್ಕೆ 9ನೇ ವಾರ, ಸಿವಿಎಸ್ ಈಗ ಆಗಲ್ಲ ಅಂದರು: ಏನು ಮಾಡಲಿ?

ನಿಮ್ಮಿಬ್ಬರ ಮ್ಯುಟೇಷನ್ (ಜೀನ್‌ನಲ್ಲಿರುವ ದೋಷ) ಯಾವುದು ಅಂತ ಇನ್ನೂ ಪತ್ತೆ ಆಗಿಲ್ಲ, ಬಹುಶಃ ಅದಕ್ಕೇ ಲ್ಯಾಬ್‌ನವರು ಸಿವಿಎಸ್ (ಮಾಸಿನ ಚೂರು ತೆಗೆದು ಮಗುವಿನ ಜೀನ್ ನೋಡುವ ಪರೀಕ್ಷೆ) ಈಗ ಬೇಡ ಅಂದಿರುತ್ತಾರೆ. ನಮಗೂ ಹೀಗೇ ಹೇಳಿದ್ದರು. ಎಚ್‌ಪಿಎಲ್‌ಸಿ ಅನ್ನೋ ರಕ್ತಪರೀಕ್ಷೆಯ ವರದಿ ಮೈನರ್ (ದೋಷವಿರುವ ಜೀನ್ ಒಂದಿದೆ, ಜೋರು ಕಾಯಿಲೆ ಇಲ್ಲ) ಅಂತ ಹೇಳುತ್ತದೆ ಅಷ್ಟೇ; ಮಗುವಿನ ಸ್ಯಾಂಪಲ್‌ನಲ್ಲಿ ಏನು ಹುಡುಕಬೇಕು ಅನ್ನೋದು ಅದರಲ್ಲಿ ಇರಲ್ಲ.

ನಾಳೆಯೇ ಇಬ್ಬರೂ ಬೀಟಾ ಗ್ಲೋಬಿನ್ ಜೀನ್ ಪರೀಕ್ಷೆಗೆ ರಕ್ತ ಕೊಡಿ. ಗರ್ಭಿಣಿ, ಅರ್ಜೆಂಟ್ ಅಂತ ಫಾರಂನಲ್ಲಿ ಬರೆಸಿ. ರಿಪೋರ್ಟ್‌ಗೆ ಕಾಯುತ್ತಾ ಸುಮ್ನೆ ಕೂರಬೇಡಿ, ಜೆನೆಟಿಕ್ ಕೌನ್ಸೆಲರ್ ನೋಡಿ. ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಲ್ಲಿ ವಿಚಾರಿಸಿ. ಸಿವಿಎಸ್‌ಗೆ ದಿನ ಈಗಲೇ ಕೇಳಿಡಿ. ಈ ಪರೀಕ್ಷೆಯನ್ನು 11 ವಾರ ತುಂಬಿದ ಮೇಲೆ, 14ರೊಳಗೆ ಮಾಡುತ್ತಾರೆ. ತಪ್ಪಿದರೆ 16ನೇ ವಾರದ ಹೊತ್ತಿಗೆ ಆಮ್ನಿಯೋ, ಅಂದರೆ ಮಗುವಿನ ಸುತ್ತಲಿನ ನೀರು ತೆಗೆದು ನೋಡುವ ಪರೀಕ್ಷೆ, ಇದೆ. ಎರಡರಲ್ಲೂ ಗರ್ಭ ಹೋಗುವ ಅಪಾಯ ಕಡಿಮೆ, ಆದರೆ ಪೂರ್ತಿ ಇಲ್ಲ ಅಂತಲ್ಲ.

ಮಗುವಿಗೆ ಮೇಜರ್, ಅಂದರೆ ಪದೇ ಪದೇ ರಕ್ತ ಹಾಕಿಸಬೇಕಾಗುವ ಜೋರು ಕಾಯಿಲೆ, ಬರುವ ಸಾಧ್ಯತೆ 25%. ಮಗುವಿಗೆ ಮೈನರ್ ಬಂದರೆ ನಿಮ್ಮ ಹಾಗೇ, ಚಿಂತೆ ಬೇಡ. ಕೆಲವು ಮ್ಯುಟೇಷನ್ ಜೋಡಿಗಳಲ್ಲಿ ಕಾಯಿಲೆ ಎಷ್ಟು ಜೋರಾಗಿರುತ್ತದೆ ಅಂತ ಖಚಿತವಾಗಿ ಹೇಳೋಕಾಗಲ್ಲ, ಇದನ್ನು ಕೌನ್ಸೆಲರ್ ಹತ್ತಿರ ಬಿಡಿಸಿ ಕೇಳಿ.

ಗರ್ಭ ಮುಂದುವರಿಸುವುದೋ ಬೇಡವೋ ಅನ್ನೋದಕ್ಕೆ ಕಾನೂನು ಕೇಳೋದು ನಿಮ್ಮ ಒಪ್ಪಿಗೆ, ಅತ್ತೆಯವರದ್ದಲ್ಲ. ಗರ್ಭ ತೆಗೆಸಲು 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು.