ಶುಕ್ರವಾರದ ವೇ-ಇನ್‌ಗೆ ಹೋಗಬಹುದೇ ಎಂದು ಕೇಳಿದ ಹಾಸನದ ವಿದ್ಯಾರ್ಥಿಗೆ

ಹಾಸನದಲ್ಲಿ ಎಂಜಿನಿಯರಿಂಗ್ ಮುಗಿಸಿ ಮೇಲಿನ ಓದಿಗೆಂದು ಮ್ಯಾಂಚೆಸ್ಟರಿಗೆ ಹೊಸದಾಗಿ ಬಂದಿರುವ ನೀವು ಕೇಳಿರುವುದು ಇಷ್ಟು: ಬಾಕ್ಸಿಂಗ್ ಪಂದ್ಯದ ಟಿಕೆಟ್ ಕೊಳ್ಳುವಷ್ಟು ಹಣ ಕೈಯಲ್ಲಿಲ್ಲ, ಆದರೆ ಹಿಂದಿನ ದಿನ ಬಾಕ್ಸರುಗಳ ತೂಕ ನೋಡುವ ವೇ-ಇನ್‌ಗೆ ಪ್ರವೇಶ ಉಚಿತವೆಂದು ಸಹಪಾಠಿಗಳು ಹೇಳುತ್ತಿದ್ದಾರೆ, ಅಲ್ಲಿಗೆ ನಮ್ಮಂಥವರು ಹೋಗಬಹುದೇ, ಹೋದರೆ ನೋಡುವುದಕ್ಕೆ ಏನಿರುತ್ತದೆ, ಕುಡಿದು ಕೂಗಾಡುವವರ ನಡುವೆ ಸಿಕ್ಕಿಕೊಳ್ಳುವ ಭಯವಿಲ್ಲವೇ? ಆ ಊರಿನಲ್ಲಿ ಬಹುಕಾಲದಿಂದ ನೆಲೆಸಿರುವ ನಾನು ಸದ್ಯ ಕಾಫಿ ಕೊಯ್ಲಿನ ಸಮಯಕ್ಕೆ ಮೂಡಿಗೆರೆಯ ಮನೆಗೆ ಬಂದಿರುವುದರಿಂದ ಇಲ್ಲಿಂದಲೇ ಬರೆಯುತ್ತಿದ್ದೇನೆ. ಧಾರಾಳವಾಗಿ ಹೋಗಿ. ಅಗ್ಗದ ಟಿಕೆಟ್ಟಿನ ಸೀಟಿನಲ್ಲಿ ಕುಳಿತವರು ಪಂದ್ಯದ ಬಹುಪಾಲನ್ನು ದೊಡ್ಡ ಪರದೆಯಲ್ಲೇ ನೋಡಬೇಕಾಗುತ್ತದೆ. ವೇ-ಇನ್‌ನಲ್ಲಿಯಾದರೆ ಬೇಗ ಹೋದವರಿಗೆ ಬಾಕ್ಸರನ ಪಕ್ಕೆಲುಬು ಎಣಿಸುವಷ್ಟು ಹತ್ತಿರದಲ್ಲಿ ಜಾಗ ಸಿಗುತ್ತದೆ.

ಆದರೆ ಅಲ್ಲಿ ನೋಡುತ್ತಿರುವುದು ಏನನ್ನು ಎಂಬುದು ಮೊದಲೇ ತಿಳಿದಿರಬೇಕು. ಈಗಿನ ದೊಡ್ಡ ಪಂದ್ಯಗಳಲ್ಲಿ ಅನೇಕ ವೇಳೆ ಅಧಿಕೃತ ತೂಕ ಬೆಳಿಗ್ಗೆಯೇ ಹೋಟೆಲೊಂದರ ಕೋಣೆಯಲ್ಲಿ, ಅಲ್ಲಿನ ವೃತ್ತಿಪರ ಬಾಕ್ಸಿಂಗಿನ ಮೇಲ್ವಿಚಾರಣೆ ನಡೆಸುವ ಬ್ರಿಟಿಷ್ ಬಾಕ್ಸಿಂಗ್ ಬೋರ್ಡ್ ಆಫ್ ಕಂಟ್ರೋಲ್‌ನ ಅಧಿಕಾರಿಗಳ ಎದುರು ಮುಗಿದುಹೋಗಿರುತ್ತದೆ. ತನ್ನ ವಿಭಾಗದ ತೂಕದ ಮಿತಿಯೊಳಗೆ ಬರಲೆಂದು ನೀರು ಬಿಟ್ಟು, ಸೌನಾ ಎಂಬ ಬಿಸಿಕೋಣೆಯಲ್ಲಿ ಕುಳಿತು ಮೈ ಒಣಗಿಸಿಕೊಂಡ ಮನುಷ್ಯನಿಗೆ ಮತ್ತೆ ನೀರು, ಉಪ್ಪು, ಅನ್ನ ಸೇರಿ ಚೇತರಿಸಿಕೊಳ್ಳಲು ಕೆಲವು ಗಂಟೆ ಹೆಚ್ಚು ಸಿಗಲಿ ಎಂಬುದು ಇದರ ಉದ್ದೇಶ. ಮೈಯಲ್ಲಿ ನೀರು ಕಡಿಮೆಯಾಗಿದ್ದಾಗ ತಲೆಗೆ ಬಿದ್ದ ಏಟು ಹೆಚ್ಚು ಅಪಾಯಕಾರಿ ಎಂಬ ಆತಂಕವೂ ಅದರ ಹಿಂದಿದೆ. ಹಾಗಾಗಿ ಮಧ್ಯಾಹ್ನ ಸಾವಿರಾರು ಜನರೆದುರು ತಕ್ಕಡಿ ಹತ್ತುವುದು ಅಭಿಮಾನಿಗಳಿಗಾಗಿ ನಡೆಯುವ ಪ್ರದರ್ಶನ. ಹತ್ತುವವನು ಅಷ್ಟರೊಳಗೆ ಊಟ ಮಾಡಿ ಬಂದಿರುತ್ತಾನೆ. ಚಿಕ್ಕ ಪಂದ್ಯಗಳಲ್ಲಿ ಜನರೆದುರಿನ ತೂಕವೇ ನಿಜವಾದ ತೂಕವಾಗಿರುವುದುಂಟು. ನನ್ನನ್ನು ಕೇಳಿದರೆ, ಹೆಸರುವಾಸಿಗಳ ಜಾತ್ರೆಗಿಂತ ಆ ಚಿಕ್ಕ ವೇ-ಇನ್‌ಗಳೇ ನೋಡತಕ್ಕವು, ಏಕೆಂದರೆ ಅಲ್ಲಿ ತಕ್ಕಡಿ ಏನು ಹೇಳುತ್ತದೆ ಎಂಬುದು ಹತ್ತುವವನಿಗೂ ಖಚಿತವಾಗಿ ಗೊತ್ತಿರುವುದಿಲ್ಲ.

ಅಂಥ ಕಡೆ ತುಟಿ ಬಿರಿದ, ಕೆನ್ನೆ ಒಳಸೇರಿದ ಹುಡುಗನೊಬ್ಬ ಬೂಟು, ಸರ, ಟೀ ಶರ್ಟು ಎಲ್ಲವನ್ನೂ ಕಳಚಿ ಮೆಲ್ಲಗೆ ಮೇಲೆ ಹತ್ತುತ್ತಾನೆ. ತುಸು ಹೆಚ್ಚು ಬಂದರೆ ಅವನ ಕಡೆಯ ಇಬ್ಬರು ಟವೆಲ್ ಅಡ್ಡ ಹಿಡಿದು ನಿಲ್ಲುತ್ತಾರೆ, ಒಳಚಡ್ಡಿಯೂ ಕಳಚುತ್ತದೆ. ಅಧಿಕಾರಿ ತೂಕವನ್ನು ಸ್ಟೋನ್, ಪೌಂಡ್, ಔನ್ಸ್‌ಗಳಲ್ಲಿ ಕೂಗಿ ಹೇಳುತ್ತಾನೆ. ಕಿಲೋ ಲೆಕ್ಕದಲ್ಲಿ ಬೆಳೆದ ನಮಗೆ ಮೊದಮೊದಲು ಇದು ತಲೆಗೆ ಹತ್ತುವುದಿಲ್ಲ. 14 ಪೌಂಡಿಗೆ ಒಂದು ಸ್ಟೋನ್, ಮಿಡಲ್‌ವೇಟ್ ಮಿತಿಯಾದ 160 ಪೌಂಡ್ ಎಂದರೆ 11 ಸ್ಟೋನ್ 6 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 72.6 ಕಿಲೋ ಎಂದು ನೆನಪಿಟ್ಟುಕೊಂಡರೆ ಉಳಿದದ್ದನ್ನು ಅಲ್ಲೇ ಲೆಕ್ಕ ಹಾಕಿಕೊಳ್ಳಬಹುದು. ತಕ್ಕಡಿಯಿಂದ ಕಾಲು ಕೆಳಗಿಟ್ಟ ಮರುಕ್ಷಣ ಆ ಹುಡುಗ ಬಾಟಲಿಗೆ ಕೈ ಚಾಚುವ ರೀತಿಯನ್ನು ನೋಡಿ, ಎದುರಾಳಿಯ ಮೇಲೆ ಕಣ್ಣು ಕೆಕ್ಕರಿಸುವುದಕ್ಕಿಂತ ಹೆಚ್ಚಿನದು ಅದರಲ್ಲಿ ತಿಳಿಯುತ್ತದೆ.

ಇಷ್ಟು ಸೂಕ್ಷ್ಮವೇಕೆ ಎಂದು ನೀವು ಕೇಳಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬರೀ 100 ಗ್ರಾಂ ಹೆಚ್ಚು ಬಂದದ್ದಕ್ಕೆ ವಿನೇಶ್ ಫೋಗಟ್ ಅನರ್ಹಗೊಂಡದ್ದನ್ನು ನಮ್ಮವರ್ಯಾರೂ ಮರೆತಿಲ್ಲ. ಅದು ಕುಸ್ತಿ, ಅಲ್ಲಿ ಸ್ಪರ್ಧೆಯ ದಿನ ಬೆಳಿಗ್ಗೆಯೇ ತೂಕ. ವೃತ್ತಿಪರ ಬಾಕ್ಸಿಂಗಿನಲ್ಲಿ ತೂಕ ಹಿಂದಿನ ದಿನ, ಶಿಕ್ಷೆ ಹೆಚ್ಚಾಗಿ ಹಣದಲ್ಲಿ. 2025ರ ಏಪ್ರಿಲ್‌ನಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಮೈದಾನದ ಪಂದ್ಯಕ್ಕೆ ಮುನ್ನ ಕ್ರಿಸ್ ಯೂಬ್ಯಾಂಕ್ ಜೂನಿಯರ್ 160.05 ಪೌಂಡ್ ತೂಗಿದ. ಮಿತಿ ಮೀರಿದ್ದು ಸುಮಾರು 23 ಗ್ರಾಂ, ತೆರಬೇಕಾಗಿ ಬಂದದ್ದು 5 ಲಕ್ಷ ಡಾಲರ್. ಅದು ಸಾಲದೆಂಬಂತೆ ಕರಾರಿನ ಪ್ರಕಾರ ಪಂದ್ಯದ ಬೆಳಿಗ್ಗೆ ಮತ್ತೊಮ್ಮೆ ತಕ್ಕಡಿ ಹತ್ತಿ, 170 ಪೌಂಡ್ ಮೀರಿಲ್ಲವೆಂದು ತೋರಿಸಬೇಕಿತ್ತು. ಅಂದು ರಾತ್ರಿ ಕಾನರ್ ಬೆನ್ ಎದುರು ಗೆದ್ದದ್ದು ಅವನೇ.

ಇಷ್ಟು ಹಣ, ಇಷ್ಟು ಮಾನ ತಕ್ಕಡಿಗೆ ಕಟ್ಟಿಬಿದ್ದಿರುವಾಗ ಕೈಚಳಕ ನಡೆಯದಿರುತ್ತದೆಯೇ? 2005ರ ಅಕ್ಟೋಬರ್‌ನಲ್ಲಿ ಲಾಸ್ ವೇಗಾಸ್‌ನಲ್ಲಿ ಡಿಯೆಗೊ ಕೊರಾಲೆಸ್ ಎದುರಿನ ಪಂದ್ಯಕ್ಕೆ ಮುನ್ನ ಹೋಸೆ ಲೂಯಿಸ್ ಕ್ಯಾಸ್ಟಿಯೊ 135 ಪೌಂಡಿನ ಮಿತಿಗೆ 138.5 ತೂಗಿದ ಪ್ರಸಂಗದಲ್ಲಿ, ಅವನ ಕಡೆಯವನೊಬ್ಬ ತಕ್ಕಡಿಯ ಕೆಳಗೆ ಕಾಲ್ಬೆರಳು ತೂರಿಸಿ ಮೇಲಕ್ಕೆತ್ತುತ್ತಿದ್ದುದು ಸಿಕ್ಕಿಬಿತ್ತು. ಮುಂದಿನ ವರ್ಷ ಅದೇ ಕೊರಾಲೆಸ್ ಎದುರಿನ ಪಂದ್ಯಕ್ಕೆ ಕ್ಯಾಸ್ಟಿಯೊ 139.5 ತೂಗಿದಾಗ ಪಂದ್ಯವೇ ರದ್ದಾಯಿತು. ಇಲ್ಲಿ ನಮ್ಮ ಕಾಫಿ ಕಣದಲ್ಲಿ ಸಂಜೆ ಹಣ್ಣಿನ ಚೀಲ ತೂಗುವಾಗ, ಕೊಯ್ದವಳ ಒಂದು ಕಣ್ಣು ಮುಳ್ಳಿನ ಮೇಲಿದ್ದರೆ ಇನ್ನೊಂದು ತೂಗುವವನ ಕೈಯ ಮೇಲಿರುತ್ತದೆ. ನೀವೂ ಹಾಗೆಯೇ ತಕ್ಕಡಿಯ ಸುತ್ತ ನಿಂತವರ ಕೈಕಾಲುಗಳನ್ನು ಗಮನಿಸಿ. ಅದಕ್ಕಾಗಿ ವೇದಿಕೆಯ ಎದುರಿಗಿಂತ ತಕ್ಕಡಿ ಇರುವ ಪಕ್ಕದಲ್ಲಿ ಜಾಗ ಹಿಡಿಯುವುದು ಒಳ್ಳೆಯದು. ಎದುರಿಗೆ ಕ್ಯಾಮೆರಾದವರ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ.

ಹೆವಿವೇಟ್ ಪಂದ್ಯವಾದರೆ ಈ ಕುತೂಹಲವೆಲ್ಲ ಇರುವುದಿಲ್ಲ. 200 ಪೌಂಡ್ ಮೀರಿದವರಿಗೆ ಮೇಲ್ಮಿತಿಯೇ ಇಲ್ಲ; ಯಾರು ಎಷ್ಟು ತಯಾರಾಗಿ ಬಂದಿದ್ದಾರೆ ಎಂದು ಊಹಿಸಬಹುದು, ಅಷ್ಟೆ. ಆದರೂ ಜನ ಸೇರುವುದು ಅಲ್ಲಿಯೇ. 2024ರ ಸೆಪ್ಟೆಂಬರ್‌ನಲ್ಲಿ ಆಂಟನಿ ಜೋಶುವಾ ಮತ್ತು ಡೇನಿಯಲ್ ಡುಬೊವಾ ಅವರ ವೇ-ಇನ್ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲೇ ನಡೆಯಿತು.

ತೂಕದ ನಂತರ ಇಬ್ಬರನ್ನೂ ಮೂಗಿಗೆ ಮೂಗು ತಾಗುವಂತೆ ಎದುರುಬದುರು ನಿಲ್ಲಿಸುತ್ತಾರೆ. ಜನ ಕಾದಿರುವುದೇ ಇದಕ್ಕೆ. ಇದರಿಂದ ಪಂದ್ಯದ ಭವಿಷ್ಯ ಹೇಳುವವರನ್ನು ನಂಬಬೇಡಿ. 1964ರಲ್ಲಿ ಮಯಾಮಿ ಬೀಚ್‌ನಲ್ಲಿ, ಆಗಿನ್ನೂ ಕ್ಯಾಷಿಯಸ್ ಕ್ಲೇ ಆಗಿದ್ದ ಮೊಹಮ್ಮದ್ ಅಲಿ, ಆ ಕಾಲದಲ್ಲಿ ಪಂದ್ಯದ ದಿನ ಬೆಳಿಗ್ಗೆಯೇ ನಡೆಯುತ್ತಿದ್ದ ವೇ-ಇನ್‌ನಲ್ಲಿ ಎಷ್ಟು ಕಿರುಚಾಡಿದನೆಂದರೆ ನಾಡಿಬಡಿತ ನಿಮಿಷಕ್ಕೆ 120ಕ್ಕೆ ಏರಿತ್ತು, 2,500 ಡಾಲರ್ ದಂಡವೂ ಬಿತ್ತು; ಹುಡುಗ ಹೆದರಿ ಹುಚ್ಚನಾಗಿದ್ದಾನೆಂದು ಅನೇಕರು ತೀರ್ಮಾನಿಸಿದ್ದರು, ಅದೇ ರಾತ್ರಿ ಸಾನಿ ಲಿಸ್ಟನ್‌ನನ್ನು ಸೋಲಿಸಿ ಅವನು ವಿಶ್ವ ಚಾಂಪಿಯನ್ ಆದ. ಇನ್ನು 2002ರಲ್ಲಿ ಲೆನಾಕ್ಸ್ ಲೂಯಿಸ್ ಮತ್ತು ಮೈಕ್ ಟೈಸನ್ ಮೊದಲೇ ಪತ್ರಿಕಾಗೋಷ್ಠಿಯಲ್ಲಿ ಹೊಡೆದಾಡಿಕೊಂಡಿದ್ದರಿಂದ ಇಬ್ಬರ ತೂಕವನ್ನೂ ಬೇರೆಬೇರೆಯಾಗಿಯೇ ನೋಡಬೇಕಾಯಿತು.

ಜನರ ವಿಷಯ. ಇಂಗ್ಲಿಷ್ ಬಾಕ್ಸಿಂಗ್ ಅಭಿಮಾನಿಗಳು ಬಿಯರ್ ಕುಡಿಯುತ್ತಾರೆ, ಗುಂಪಾಗಿ ಹಾಡುತ್ತಾರೆ, ಹೊರಗಿನಿಂದ ಬಂದ ಬಾಕ್ಸರನಿಗೆ ಬೂ ಎನ್ನುತ್ತಾರೆ. ಈ ಮೂರನ್ನೂ ನಿಮಗೆ ಸಂಬಂಧಿಸಿದ್ದೆಂದು ಭಾವಿಸಬೇಕಾಗಿಲ್ಲ. 2007ರ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರಿನ ರಿಕಿ ಹ್ಯಾಟನ್ ಲಾಸ್ ವೇಗಾಸ್‌ನಲ್ಲಿ ಅಮೆರಿಕದ ಫ್ಲಾಯ್ಡ್ ಮೇವೆದರ್ ಎದುರು ಆಡಿದಾಗ, ಪಂದ್ಯಕ್ಕೆ ಟಿಕೆಟ್ ಇಲ್ಲದಿದ್ದರೂ ಅಟ್ಲಾಂಟಿಕ್ ದಾಟಿ ಹೋಗಿ ವೇ-ಇನ್‌ನಲ್ಲಿ ಹಾಡಿ ಬಂದ ಜನ ಇವರು. ಮ್ಯಾಂಚೆಸ್ಟರಿನಲ್ಲಿ ಭಾರತೀಯ ಮುಖ ಇವರಿಗೆ ಹೊಸದೂ ಅಲ್ಲ. ನಮ್ಮ ವಿಜೇಂದರ್ ಸಿಂಗ್ ವೃತ್ತಿಪರನಾಗಿ ಮೊದಲ ಪಂದ್ಯ ಆಡಿದ್ದು 2015ರ ಅಕ್ಟೋಬರ್‌ನಲ್ಲಿ ಅಲ್ಲಿಯೇ. ಪಕ್ಕದವರನ್ನು ಯಾರ ಕಡೆಯವರೆಂದು ಕೇಳಿದರೆ ಸಾಕು, ಅವರೇ ಮುಖ್ಯ ಪಂದ್ಯಕ್ಕೆ ಮೊದಲು ಆಡುವ ಹುಡುಗರ ಚರಿತ್ರೆಯನ್ನೆಲ್ಲ ಒಪ್ಪಿಸುತ್ತಾರೆ. ತರಗತಿಯ ಆಚೆ ಆ ಊರಿನವರೊಡನೆ ಮಾತಿಗೆ ಇಷ್ಟು ಸಲೀಸಾದ ದಾರಿಯನ್ನು ನಾನು ಬೇರೆ ಕಂಡಿಲ್ಲ. ಯಾರಾದರೂ ಮಿತಿ ಮೀರಿ ವರ್ತಿಸಿದರೆ ವಾದಕ್ಕಿಳಿಯದೆ, ಹೊಳೆಯುವ ಜಾಕೆಟ್ ತೊಟ್ಟ ಸಿಬ್ಬಂದಿಯ ಬಳಿಗೆ ಸರಿಯಿರಿ.

ಪ್ರವೇಶ ಉಚಿತವಾದರೂ ಕೆಲವೊಮ್ಮೆ ಮೊದಲೇ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಬೇಕು. 2015ರಲ್ಲಿ ಮೇವೆದರ್ ಮತ್ತು ಪಕ್ಯಾವೊ ವೇ-ಇನ್‌ಗೆ 10 ಡಾಲರ್ ಟಿಕೆಟ್ ಇಟ್ಟು ಹಣವನ್ನು ದಾನಕ್ಕೆ ಕೊಟ್ಟದ್ದು ಅಪವಾದ. ಹೊರಗೆ ಯಾರಾದರೂ ಪಾಸ್ ಮಾರಲು ಬಂದರೆ ಕೊಳ್ಳಬೇಡಿ. ದೊಡ್ಡ ಬ್ಯಾಗ್ ಒಳಗೆ ಬಿಡದಿರಬಹುದು. ಬಯಲಿನಲ್ಲಿ ನಡೆದರೆ ಮಳೆಯ ಜಾಕೆಟ್ ಇರಲಿ. ಮೊದಲು ಬರುವ ಹೆಸರಿಲ್ಲದ ಹುಡುಗರು ತೂಕ ಮುಗಿಸಿ ಕಂಬಿಯ ಬಳಿಗೆ ಬಂದು ಫೋಟೊಗೆ ನಿಲ್ಲುತ್ತಾರೆ; ದೊಡ್ಡವರು ಕಾರು ಹತ್ತಿ ಹೊರಟುಬಿಡುತ್ತಾರೆ. ಕೊನೆಯದಾಗಿ, ಶುಕ್ರವಾರ ಮಧ್ಯಾಹ್ನ ನಿಮಗೆ ಲ್ಯಾಬ್ ಇದ್ದರೆ ಅದನ್ನು ತಪ್ಪಿಸಿ ಹೋಗಬೇಡಿ. ವಿದ್ಯಾರ್ಥಿ ವೀಸಾದ ಮೇಲಿರುವವರ ಹಾಜರಾತಿಯ ಮೇಲೆ ವಿಶ್ವವಿದ್ಯಾಲಯ ನಿಗಾ ಇಟ್ಟಿರುತ್ತದೆ. ವೇ-ಇನ್ ಆ ಊರಿನಲ್ಲಿ ಮತ್ತೆ ಮತ್ತೆ ನಡೆಯುತ್ತಲೇ ಇರುತ್ತದೆ.